ಮೊಣಕೈವರೆಗೆ ಥಿನ್ನರ್

ಪಾಲಿಶ್ ಮೇಸ್ತ್ರಿ ಹಾಡಹಗಲೇ ಕುಡಿಯುತ್ತಾನೆಂಬ ಸುದ್ದಿ ಅವನ ಬೀದಿಯಲ್ಲಿ ಹುಟ್ಟಿ ಎರಡು ವರ್ಷವಾಗಿತ್ತು. ಸಂಜೆ ಮರಗೆಲಸದ ಕಾರ್ಖಾನೆಯಿಂದ ಬರುವಾಗ ಕಾಲು ಒಂದು ಕಡೆ, ದಾರಿ ಇನ್ನೊಂದು ಕಡೆ, ನಾಲಿಗೆ ತೊದಲು, ಮೈಯಿಂದ ಮೂಗಿಗೆ ಬಡಿಯುವ ಘಾಟು. ಬೀದಿಗೆ ಇನ್ನೇನು ಬೇಕು?

ಸುದ್ದಿ ಸುಳ್ಳಾಗಿತ್ತು. ಅದನ್ನು ಪತ್ತೆ ಹಚ್ಚಿದವಳು, ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದ್ದ ಅವನ ಹೆಂಡತಿ.

ಮಗಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೊರಟುಬಿಡುವುದೆಂದು ಅವಳು ನಿಶ್ಚಯಿಸಿದ್ದಳು.

"ನಮ್ಮಪ್ಪನಾಣೆ, ಮುಟ್ಟಿಲ್ಲ ಕಣೇ."

"ಆಣೆಯೆಲ್ಲ ಸಾಕು ರೀ. ನಾಳೆ ಇಡೀ ದಿನ ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ. ಬಾಟಲಿ ಕಣ್ಣಿಗೆ ಬಿತ್ತೋ, ನಾಡಿದ್ದು ನಾನೂ ಮಗಳೂ ಇಲ್ಲಿರಲ್ಲ."

ಮಾತಿನಂತೆ ಮರುದಿನ ಕಾರ್ಖಾನೆಯ ಮೂಲೆಯ ಸ್ಟೂಲಿನ ಮೇಲೆ ಕುಳಿತಳು. ಅಲ್ಲಿದ್ದ ಬಡಗಿ ಸುಮ್ಮನಿರಬೇಕಲ್ಲ!

"ಏನತ್ತಿಗೆ, ಅಣ್ಣನಿಗೆ ಕಾವಲಾ? ಹಾಜರಿಯಲ್ಲಿ ನಿಮ್ಮ ಹೆಸರೂ ಬರೀಲಾ?"

"ಬರ್ಕೊಳ್ಳಪ್ಪಾ, ಹಾಗೇ ಸಂಬಳಾನೂ ಕೊಡಿಸು."

ಗಂಡ ಕೆಲಸ ಮಾಡುವುದನ್ನು ಅವಳು ನೋಡಿದ್ದೇ ಅಂದು ಮೊದಲು. ಇಪ್ಪತ್ತೆರಡು ವರ್ಷಗಳ ಕೈಗುಣ ಅದು. ಬಟ್ಟೆಯುಂಡೆಯನ್ನು ಪಾಲಿಶಿನಲ್ಲಿ ಅದ್ದಿ ಸುತ್ತು ಸುತ್ತಾಗಿ ಉಜ್ಜಿದನೆಂದರೆ, ಮಂಕು ಹಲಗೆ, ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದಾದಷ್ಟು ಹೊಳೆಯುತ್ತಿತ್ತು. ಕೂದಲೆಳೆಯಂಥ ಗೀರನ್ನು ಬರಿಬೆರಳಿನಲ್ಲೇ ಹುಡುಕಬೇಕೆಂಬುದು ಅವನ ಹಟ. "ಗ್ಲೌಸ್ ಹಾಕೋನು ಪಾತ್ರೆ ತೊಳೀಲಿ," ಎನ್ನುತ್ತಿದ್ದ. ಮೂಗಿಗೆ ಮಾತ್ರ ಫಿಲ್ಟರಿನ ದಪ್ಪ ಮಾಸ್ಕು. ವಿಷ ನುಗ್ಗುವುದು ಮೂಗಿನಿಂದ, ಅದಕ್ಕೆ ಬೀಗ ಜಡಿದಾಗಿದೆ ಎಂಬ ಧೈರ್ಯ.

ಅವಳು ಅವನ ನೀರಿನ ಬಾಟಲಿ ಮೂಸಿದಳು, ಚೀಲ ಜಾಲಾಡಿದಳು, ಶೌಚಾಲಯದ ಬಾಗಿಲವರೆಗೂ ಬೆನ್ನು ಹತ್ತಿದಳು. ಏನೂ ಇಲ್ಲ! ಐದು ಗಂಟೆಗೆ ಮೇಸ್ತ್ರಿ ಬೋಗುಣಿಗೆ ಪಾಲಿಶ್ ಕರಗಿಸುವ ಥಿನ್ನರ್ ಸುರಿದು, ಮೊಣಕೈವರೆಗೆ ಕೈ ಮುಳುಗಿಸಿ ಅಂಟು ತಿಕ್ಕತೊಡಗಿದ. ಕುತ್ತಿಗೆಗೂ ಅದೇ ಸ್ನಾನ. ಮಾಸ್ಕು ಕಳಚಿದ್ದು ಎಲ್ಲ ಮುಗಿದು ಅಂಗಳಕ್ಕೆ ಬಂದ ಮೇಲೆ.

ನೂರು ಹೆಜ್ಜೆ ಹಾಕಿದ್ದರೋ ಇಲ್ಲವೋ, ಅವನು ಗೋಡೆ ಹಿಡಿದ. ಕಾಲು ತಡವರಿಸಿತು. ಅವಳು ಅವನ ತೋಳು ಹಿಡಿದಳು. ಬೆಳಗಿನಿಂದ ತಾನು ಕಣ್ಣು ಕದಲಿಸಿಲ್ಲ, ಅವನು ಒಂದು ತೊಟ್ಟೂ ಕುಡಿದಿಲ್ಲ, ಆದರೂ ತೂರಾಡುತ್ತಿದ್ದಾನೆ! ಗಂಡ ತೂರಾಡಿದ್ದಕ್ಕೆ ಹೆಂಡತಿಯೊಬ್ಬಳು ಹಿಗ್ಗಿದ್ದು ಆ ಬೀದಿಯಲ್ಲಿ ಅದೇ ಮೊದಲಿರಬೇಕು. ಮನೆಯ ತಿರುವು ಬಿಟ್ಟು ಅವನನ್ನು ನೇರ ಕ್ಲಿನಿಕ್ಕಿಗೆ ಎಳೆದೊಯ್ದಳು.

"ಡಾಕ್ಟ್ರಮ್ಮಾ, ಇವರು ಕುಡಿದಿಲ್ಲ! ನಾನೇ ಸಾಕ್ಷಿ! ನೋಡಿ, ಹೇಗೆ ವಾಲಾಡ್ತಿದ್ದಾರೆ!"

ಡಾಕ್ಟರು ಅವನ ಕೈ ತಿರುಗಿಸಿ ನೋಡಿದರು. ಬೆಳ್ಳಗೆ ಒಣಗಿ, ಬಿರುಕು ಬಿಟ್ಟ ಚರ್ಮ.

"ಯಾವುದರಲ್ಲಿ ಕೈ ತೊಳೀತೀರಿ?"

"ಥಿನ್ನರ್. ಸೋಪಿಗೆ ಜಗ್ಗಲ್ಲ. ಮೂಗಿಗೆ ಮಾಸ್ಕಿದೆಯಲ್ಲ!"

"ಚರ್ಮ ಏನು ಕಲ್ಲಿನ ಗೋಡೆ ಅಂದ್ಕೊಂಡ್ರಾ? ಅದರ ಜಿಡ್ಡನ್ನೆಲ್ಲ ಥಿನ್ನರ್ ಕರಗಿಸಿ, ತಾನೇ ದಾರಿ ಮಾಡ್ಕೊಂಡು ರಕ್ತಕ್ಕಿಳಿಯುತ್ತೆ. ಅಲ್ಲಿಂದ ತಲೆಗೆ, ನರಕ್ಕೆ. ಸರಿ, ಕಣ್ಣು ಮುಚ್ಚಿ."

ಬೆರಳು ಬೆರಳಿಗೂ ಸೂಜಿಮೊನೆ ತಾಗಿಸಿದರು. ಬಲಗೈಯ ಎರಡು ಬೆರಳುಗಳಿಗೆ ತಾಗಿಸಿದಾಗ ಅವನು, "ಎಲ್ಲಿ, ಚುಚ್ಚಿ ಮತ್ತೆ?" ಎಂದ.

ಹೆಂಡತಿಯ ಹಿಗ್ಗು ಅಲ್ಲೇ ಇಳಿಯಿತು. ಅವನು ಕಣ್ತೆರೆದು ಆ ಬೆರಳುಗಳನ್ನೇ ನೋಡುತ್ತ ಕುಳಿತ.

"ನಾಳೆಯಿಂದ ಬಟ್ಟೆ ಗ್ಲೌಸ್ ಹಾಕ್ತೀನಿ," ಎಂದ ಮೆಲ್ಲಗೆ.

"ಬೇಡವೇ ಬೇಡ! ಅದು ನೆನೆದರೆ ಕೈಗೆ ಥಿನ್ನರ್ ಪಟ್ಟಿ ಕಟ್ಟಿದ ಹಾಗೆ. ಥಿನ್ನರ್ ಇಳಿಯದಂಥದ್ದೇ ಬೇಕು. ಯಾವುದು ಅಂತ ಬರೆದು ಕೊಡ್ತೀನಿ."

ಮರುದಿನ ಅವಳು ಅವನಿಗಿಂತ ಮೊದಲೇ ಕಾರ್ಖಾನೆ ತಲುಪಿದ್ದಳು. ಬೋಗುಣಿಯನ್ನು ಎತ್ತಿ ಹಿಡಿದು, "ಇದೇ ನೋಡಿ ಆ ಬಾಟಲಿ!" ಎಂದು ಕೂಗಿದಾಗ ಬಡಗಿ ತನ್ನ ಬಿರುಕು ಬಿಟ್ಟ ಕೈಗಳನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಿಕೊಂಡ.

ಅವಳು ಅಕ್ಕನ ಮನೆಗೆ ಹೋಗಲಿಲ್ಲ. ಈಗ ಕಾರ್ಖಾನೆಯಲ್ಲಿ ಎಲ್ಲರೂ ಗ್ಲೌಸ್ ಹಾಕುತ್ತಾರೆ. ಕೈಗಂಟಿದ್ದನ್ನು ಅಡುಗೆ ಎಣ್ಣೆಯಿಂದ ಬಿಡಿಸಿ ಸೋಪು ಹಚ್ಚುತ್ತಾರೆ. ಮೇಸ್ತ್ರಿ ತೂರಾಡುವುದು ತಿಂಗಳೊಳಗೆ ನಿಂತಿದೆ. ಗೀರು ಹುಡುಕುವುದು ಒಣಗಿದ ಹಲಗೆಯ ಮೇಲೆ, ಗ್ಲೌಸ್ ಕಳಚಿದ ಎಡಗೈಯಲ್ಲಿ. ಬಲಗೈಯ ಆ ಎರಡು ಬೆರಳುಗಳಿಗೆ ಸ್ಪರ್ಶ ಮರಳಿಲ್ಲ. ಮರಳುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ.