ಆರು ಗಂಟೆಯೊಳಗೆ

ದಾನ ಕೊಟ್ಟ ಹೃದಯವನ್ನು ಇನ್ನೊಬ್ಬರಿಗೆ ಜೋಡಿಸುವ ತನಕ ಕೆಡದಂತೆ ಇಡುವ ಹೊತ್ತನ್ನು ಡಾಕ್ಟರುಗಳು ಹೆಚ್ಚಿಸುತ್ತಿದ್ದಾರಂತೆ, ಫೋನಿನಲ್ಲಿ ಓದಿದೆ. ಎಷ್ಟು ಹೆಚ್ಚಿಸಿದರೂ ನಮ್ಮ ಮನೆ ಮಂದಿಗೆ ಸಾಲದು.

ಎಂಬತ್ತರ ದಶಕದ ಮಾತು. ತಮಿಳು ಸೀಮೆಯ ಸೂಲೂರಿನ ಹತ್ತಿರ ನಮ್ಮದು ಮಗ್ಗದ ಮನೆ. ನಮ್ಮತ್ತೆ ಕಣ್ಣು ದಾನಕ್ಕೆ ಬರೆದುಕೊಟ್ಟಿದ್ದರು. ನೂಲಿನ ಒಂದು ಎಳೆ ಕಡಿದರೂ ಬಾಗಿಲಿನಿಂದಲೇ ಕಂಡುಹಿಡಿಯುವ ಕಣ್ಣು. "ಇದ್ನ ಮಣ್ಣಿಗೆ ಹಾಕ್ಬೇಡಮ್ಮ" ಎಂದು ನನ್ನಿಂದ ಮಾತು ತಗೊಂಡಿದ್ದರು.

ಜೀವ ಹೋದ ಮೇಲೆ 'ಆರು ಮಣಿ ನೇರ'ದೊಳಗೆ ತೆಗೆಯಬೇಕು ಎಂದು ಡಾಕ್ಟರು ನನಗೂ ಮೈದುನನಿಗೂ ತಮಿಳಿನಲ್ಲಿ ಹೇಳಿದ್ದರು. ಮಣಿ ಅಂದರೆ ಗಂಟೆ, ನೇರ ಅಂದರೆ ಹೊತ್ತು; ಒಟ್ಟು ಆರು ಗಂಟೆಗಳ ಹೊತ್ತು. ಅವನು ಆ 'ನೇರ'ವನ್ನು ದಾರಿಯಲ್ಲೇ ಬೀಳಿಸಿಕೊಂಡು, 'ಆರು ಗಂಟೆಯೊಳಗೆ' ಎಂಬುದನ್ನು ಮಾತ್ರ ಮನೆಗೆ ತಂದಿದ್ದ.

ಅತ್ತೆ ಒಂದು ದಿನ ಬೆಳಗ್ಗೆ ಎಂಟಕ್ಕೆ ತೀರಿಹೋದರು. ಆಸ್ಪತ್ರೆಗೆ ಫೋನ್ ಮಾಡು ಎಂದು ಮೈದುನನನ್ನು ಓಡಿಸಿ, ಕಣ್ಣು ಒಣಗಬಾರದೆಂದು ಫ್ಯಾನು ಆರಿಸಿ, ಮಗ್ಗದ ನೂಲಿಗೆ ಒದ್ದೆ ಬಟ್ಟೆ ಹಾಸುವಂತೆ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟು ಕೂತೆ. ಬಂದ ಹೆಂಗಸರೆಲ್ಲ ಸೆಕೆ ಸೆಕೆ ಎಂದು ಫ್ಯಾನು ಹಾಕುವರು, ನಾನು ಎದ್ದು ಆರಿಸುವೆ. ಅಳುವುದಕ್ಕೂ ಬಿಡುವಿಲ್ಲ!

ಮಧ್ಯಾಹ್ನ ಹನ್ನೆರಡಕ್ಕೆ ಮೈದುನ ಹೂವಿನ ಮೂಟೆಯೊಂದಿಗೆ ಬಂದ.

"ಏನಪ್ಪಾ, ಡಾಕ್ಟರ್ ಎಲ್ಲಿ?"

"ಫೋನ್ ಇನ್ನೂ ಮಾಡಿಲ್ಲ ಅತ್ತಿಗೆ. ಸಾಯಂತ್ರ ಆರು ಗಂಟೆವರೆಗೂ ಟೈಮ್ ಐತಲ್ಲ. ಕುನ್ನತ್ತೂರು ದೊಡ್ಡಮ್ಮ ಬಂದು ಮುಖ ನೋಡ್ಲಿ."

"ಅಯ್ಯೋ ನಿನ್ನ! ಗೋಡೆ ಗಡಿಯಾರದ ಆರಲ್ಲಪ್ಪಾ, ಉಸಿರು ನಿಂತ ಮೇಲಿನ ಆರು! ಎರಡಕ್ಕೆ ಮುಗಿದೋಯ್ತದೆ!"

"ಸತ್ತೋರಿಗೆ ಬೇರೆ ಗಡಿಯಾರನಾ?"

"ಹೂಂ, ನಿನಗೂ ಒಂದು ಕಟ್ತೀನಿ. ಸೀಕ್ರ ಓಡು!"

ಸೈಕಲ್ ಹತ್ತಿದ. ನಾನು ಹತ್ತಿಗೆ ನೀರು ಹನಿಸುತ್ತಾ ಗೋಡೆಯನ್ನೇ ನೋಡುತ್ತಿದ್ದೆ. ಒಂದಾಯಿತು. ಒಂದೂವರೆಯಾಯಿತು. ಯಾವಳೋ ಮತ್ತೆ ಫ್ಯಾನು ಹಾಕಿದಳು, ಅವಳ ಕೈಗೇ ಒಂದು ಕೊಟ್ಟೆ.

ಎರಡಕ್ಕೆ ಹತ್ತು ನಿಮಿಷ ಇರುವಾಗ ಡಾಕ್ಟರ ಜೀಪು ಬಂತು. ಅವರು ಹತ್ತಿ ಎತ್ತಿ ನೋಡಿ, "ನಲ್ಲಾ ಇರುಕ್ಕುಮ್ಮಾ" ಎಂದರು, ಚೆನ್ನಾಗಿದೆಯಮ್ಮ ಅಂತ. ಬೇಗ ಕೆಲಸ ಮುಗಿಸಿ, ಐಸ್ ತುಂಬಿದ ಫ್ಲಾಸ್ಕ್ ಹಿಡಿದು ಹೊರಟರು. ನನಗೆ ಆಗ ಅಳು ಬಂತು.

ಮೂರಕ್ಕೆ ಕುನ್ನತ್ತೂರಿನ ದೊಡ್ಡಮ್ಮ ಬಂದು, ಮುಚ್ಚಿದ ರೆಪ್ಪೆಗಳನ್ನು ಬಗ್ಗಿ ನೋಡಿದರು. "ತೆಗ್ದಿದ್ದೇ ತಿಳಿಯಲ್ಲ! ಸರಿಯಾದ ಹೊತ್ಗೆ ಡಾಕ್ಟರ್‌ನ ಕರ್ಸಿದ್ದು ಯಾರು?"

ಮೈದುನ ಟವೆಲಿನಿಂದ ಬೆವರು ಒರೆಸಿಕೊಂಡ. "ನಾನೇ ದೊಡ್ಡಮ್ಮ. ಇಂಥದ್ರಲ್ಲಿ ತಡ ಮಾಡ್ಬಾರ್ದು."