ಹನ್ನೊಂದು ಬೆರಳಿನ ಒಂಬತ್ತರ ಮಗ್ಗಿ

ನಾನು ಹುಟ್ಟಿದಾಗ ನನ್ನ ಬಲಗೈಯಲ್ಲಿ ಆರು ಬೆರಳಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರುವ ಲೆಕ್ಕಗಳನ್ನು ನೋಡಿ ನನ್ನನ್ನು ದಡ್ಡಿ ಎಂದುಕೊಂಡೀರಿ. ಕಿರುಬೆರಳಿನ ಪಕ್ಕದಲ್ಲಿ ಇನ್ನೊಂದು ಪುಟ್ಟ ಬೆರಳು. ಅದಕ್ಕೂ ಉಗುರಿತ್ತು, ಚಳಿಯಲ್ಲಿ ಅದೂ ನೋಯುತ್ತಿತ್ತು, ಆದರೆ ಮಡಚಲು ಬರುತ್ತಿರಲಿಲ್ಲ. ಅಜ್ಜಿ ಅದನ್ನು ಶಿವ ಹಾಕಿದ ಕೊಸರು ಎನ್ನುತ್ತಿದ್ದಳು. ಅವ್ವನಿಗೆ ಆ ಕೊಸರು ಬೇಕಿರಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಈ ಕೈಯಲ್ಲಿ ತಟ್ಟೆ ಹಿಡಿಯುವುದು ಹೇಗೆ ಎಂಬ ಚಿಂತೆ ಅವಳಿಗೆ ನಾನು ತೊಟ್ಟಿಲಲ್ಲಿದ್ದಾಗಲೇ ಹತ್ತಿತ್ತಂತೆ. ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ತೆಗೆಸಿಬಿಡೋಣ ಎಂದು ವರ್ಷಕ್ಕೊಮ್ಮೆಯಾದರೂ ಮಾತು ತೆಗೆಯುತ್ತಿದ್ದಳು. ನನಗೆ ಕತ್ತರಿ ಎಂದರೆ ಭಯ, ಹಾಗಾಗಿ ನಾನು ಅಜ್ಜಿಯ ಕಡೆ.

ನಮ್ಮದು ಮಾಂಬಳ್ಳಿ. ನಾನು ಮೂರನೆಯ ತರಗತಿಯಲ್ಲಿದ್ದಾಗ ಶಾಲೆಗೆ ಹೊಸ ಮೇಷ್ಟ್ರು ಬಂದರು. ಕೌದಳ್ಳಿ ಕಡೆಯವರು. ಆಗ ಆ ಸೀಮೆಯೆಲ್ಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ನಮ್ಮದು ಮೈಸೂರು. ಹೆಂಡತಿಯ ತೌರು ಯಳಂದೂರಾದ್ದರಿಂದ ಗಡಿ ದಾಟಿ ಬಂದಿದ್ದರು. ಅವರ ಕನ್ನಡದಲ್ಲಿ ತಮಿಳು ಬೆರೆತಿತ್ತು, ಪ್ರತಿ ಮಾತಿನ ಕೊನೆಗೂ ‘ಸರಿತಾನೆ?’ ಎನ್ನುವರು. ಅವರಿಗಿಂತ ಮೊದಲಿದ್ದ ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದದ್ದು ಹುಣಸೆ ಬರಲು ಹಿಡಿದು. ಇವರೂ ಹುಣಸೆ ಮರಕ್ಕೇ ಕೈಹಾಕಿದರು, ಆದರೆ ಬೀಜಕ್ಕೆ.

ಹುಣಸೆ ಬೀಜಗಳನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿಸಿ, ಹತ್ತು ಬೀಜ ಕೈಯಲ್ಲಿ ಕುಲುಕಿ ಚೆಲ್ಲಿ ಎನ್ನುವರು. ಬಿಳಿ ಎಷ್ಟು, ಕಂದು ಎಷ್ಟು, ನೋಡಿದ ಕೂಡಲೇ ಕೂಗಬೇಕು. ಪೊರಕೆ ಕಡ್ಡಿಗಳನ್ನು ಹತ್ತು ಹತ್ತಾಗಿ ಬಾಳೆನಾರಿನಲ್ಲಿ ಕಟ್ಟಿಸಿ, ಕಳೆಯುವ ಲೆಕ್ಕದಲ್ಲಿ ಬಿಡಿ ಕಡ್ಡಿ ಸಾಲದಾದಾಗ ಒಂದು ಕಟ್ಟು ಬಿಚ್ಚಿಸುವರು. ದಶಕ ತರುವುದೆಂದರೆ ನಾರು ಬಿಚ್ಚುವುದು ಎಂದು ನನಗೆ ಅಂದು ಗೊತ್ತಾಯಿತು. ಇಪ್ಪತ್ತಮೂರನ್ನು ಹನ್ನೊಂದರಿಂದ ಗುಣಿಸಬೇಕೆ? ಎರಡನ್ನೂ ಮೂರನ್ನೂ ದೂರ ಕೂರಿಸಿ, ಅವೆರಡರ ಮೊತ್ತ ಐದನ್ನು ನಡುವೆ ಕೂರಿಸಿ, ಇನ್ನೂರ ಐವತ್ತಮೂರು. ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಇಂಥ ಮೇಷ್ಟ್ರು ಸಿಕ್ಕಿದರೆಂದು ನಾನು ಹಿಗ್ಗಿಹೋಗಿದ್ದೆ.

ಹೀಗಿರುವಾಗ ಒಂದು ದಿನ ಒಂಬತ್ತರ ಮಗ್ಗಿ ಬಂತು. ಎರಡೂ ಅಂಗೈಗಳನ್ನು ನೆಲಕ್ಕೆ ಮುಖ ಮಾಡಿ ಮುಂದೆ ಚಾಚಬೇಕು. ಎಡಗೈಯ ಕಿರುಬೆರಳಿನಿಂದ ಎಣಿಸುತ್ತ ಬರಬೇಕು. ಒಂಬತ್ತು ಮೂರಲಿ ಎಷ್ಟು? ಮೂರನೆಯ ಬೆರಳು ಮಡಚು. ಅದರ ಎಡಕ್ಕೆ ಎರಡು, ಬಲಕ್ಕೆ ಏಳು. ಇಪ್ಪತ್ತೇಳು! ಎಲ್ಲರೂ ಬೆರಳು ಮಡಚಿ ಕೂಗಿದರು. ನಾನು ಕೈಯನ್ನು ಯಾರಿಗೂ ತೋರಿಸುವವಳಲ್ಲ, ಲಂಗದ ನೆರಿಗೆಯೊಳಗೇ ಇಟ್ಟುಕೊಂಡು ಎಣಿಸಿದೆ. ಇಪ್ಪತ್ತೆಂಟು.

‘ನಿಧಾನಕ್ಕೆ ಎಣಿಸವ್ವ’ ಎಂದರು ಮೇಷ್ಟ್ರು. ಮತ್ತೆ ಇಪ್ಪತ್ತೆಂಟು. ಒಂಬತ್ತೈದಲಿ? ನಲವತ್ತಾರು. ಒಂಬತ್ತೇಳಲಿ? ಅರವತ್ತನಾಲ್ಕು. ತರಗತಿ ಕಿಸಿಕಿಸಿ ನಗತೊಡಗಿತು. ಆರನೆಯ ಬೆರಳನ್ನು ಬಿಟ್ಟು ಎಣಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅದು ನನಗೆ ಹೊಳೆಯಲೇ ಇಲ್ಲ. ನನ್ನ ಕೈಯದೇ ಬೆರಳು, ಅದನ್ನು ಯಾಕೆ ಬಿಡಬೇಕು?

ಆಗ ನನ್ನ ಪಕ್ಕದಲ್ಲೇ ಕೂರುತ್ತಿದ್ದ, ನಮ್ಮ ದೊಡ್ಡಪ್ಪನ ಮಗಳು ಎದ್ದು ನಿಂತಳು. ‘ಸಾ, ಅವ್ಳ್ಗೆ ಅನ್ನೊಂದು ಬೆಳ್ಳು ಸಾ!’

ಇಡೀ ಶಾಲೆ ನಕ್ಕಿತು. ಅವಳ ಜಡೆ ಹಿಡಿದು ಜಗ್ಗಿ, ಸ್ಲೇಟು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಅವ್ವ ಹಿತ್ತಲಲ್ಲಿ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು.

‘ಬೆಳ್ಳು ಕುಯ್ಸಿ’ ಎಂದೆ. ‘ನಾಳೆನೇ ಕುಯ್ಸಿ. ಇಲ್ದಿದ್ರೆ ನಾನು ಇಸ್ಕೂಲ್ಗೆ ಓಗಾಕಿಲ್ಲ.’

ಅವ್ವನಿಗೆ ಸಂತೋಷವೋ ಸಂತೋಷ. ‘ಈಗ್ಲಾದ್ರೂ ಬುದ್ಧಿ ಬಂತಲ್ಲ’ ಎಂದು ನನ್ನ ಕಣ್ಣೀರು ಒರೆಸಿದಳು. ಅಜ್ಜಿ ಮುಖ ತಿರುಗಿಸಿ ಕೂತಳು. ಮಾರನೆಯ ದಿನ ಅಪ್ಪ ಹೇಗೂ ರೇಷ್ಮೆಗೂಡು ಮಾರಲು ಗಾಡಿ ಕಟ್ಟಿಕೊಂಡು ಕೊಳ್ಳೇಗಾಲಕ್ಕೆ ಹೊರಡುವವನಿದ್ದ. ಗೂಡಿನ ಮಂಕರಿಗಳ ಜೊತೆ ನಾನೂ ಹೋಗುವುದೆಂದು ತೀರ್ಮಾನವಾಯಿತು. ಕತ್ತರಿಯ ಭಯ ಹೋಗಿರಲಿಲ್ಲ, ಆದರೆ ಆ ನಗುವನ್ನು ಇನ್ನೊಮ್ಮೆ ಕೇಳುವುದಕ್ಕಿಂತ ಅದೇ ವಾಸಿ ಎನಿಸಿತ್ತು.

ಸಂಜೆ ಮೇಷ್ಟ್ರು ನನ್ನ ಸ್ಲೇಟು ಹಿಡಿದುಕೊಂಡು ಮನೆಗೆ ಬಂದರು. ಜಗಲಿಯ ಮೇಲೆ ಕೂತು, ಅವ್ವ ಕೊಟ್ಟ ಮಜ್ಜಿಗೆ ಕುಡಿದರು. ಬೆರಳು ತೆಗೆಸುವ ಸುದ್ದಿಯನ್ನು ಅವ್ವನೇ ಹೇಳಿದಳು. ಅವರು ಬೇಡವೆನ್ನಲಿಲ್ಲ, ಬುದ್ಧಿ ಹೇಳಲೂ ಇಲ್ಲ. ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಕರೆದು, ‘ಒಂಬತ್ತೆರಡಲಿ ಎಷ್ಟವ್ವ, ನಿನ್ನ ಕೈ ಏನ್ ಹೇಳ್ತದೆ?’ ಎಂದರು.

‘ಅತ್ತೊಂಬತ್ತು’ ಎಂದೆ ಸಿಡುಕಿನಿಂದ.

‘ಒಂಬತ್ತೆಂಟಲಿ?’

‘ಎಪ್ಪತ್ಮೂರು.’

‘ನೋಡು, ಲೆಕ್ಕ ಬರದವರು ಒಂದ್ಸಲ ಎರಡು ಹೆಚ್ಚು ಹೇಳ್ತಾರೆ, ಒಂದ್ಸಲ ಐದು ಕಮ್ಮಿ ಹೇಳ್ತಾರೆ. ನೀನು ಯಾವಾಗ ಹೇಳಿದ್ರೂ ಒಂದೇ ಹೆಚ್ಚು. ಒಂದ್ಸಲಾನೂ ಎಣಿಸೋದ್ರಲ್ಲಿ ತಪ್ಪಿಲ್ಲ, ಸರಿತಾನೆ? ನಾನು ಹತ್ತು ಬೆರಳಿನವರಿಗೆ ಮಾತ್ರ ಹೇಳ್ಕೊಟ್ಟೆ. ತಪ್ಪು ನಂದು.’

ಮೇಷ್ಟ್ರೊಬ್ಬರು ತಪ್ಪು ನಂದು ಎಂದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲವೆಂದು ಕಾಣುತ್ತದೆ, ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿ ನೋಡಿದ. ‘ನಾಳೆ ಒಂದ್ ಗಂಟೆ ಹೊತ್ತು ಶಾಲೆಗೆ ಕಳಿಸಿ. ಆಮೇಲೆ ಅಲ್ಲಿಂದಲೇ ಗಾಡಿಗೆ ಹತ್ತಿಸ್ಕೊಳ್ಳಿ’ ಎಂದಷ್ಟೇ ಹೇಳಿ ಮೇಷ್ಟ್ರು ಎದ್ದು ಹೋದರು.

ಬೆಳಿಗ್ಗೆ ಹೋದಾಗ ಮೇಜಿನ ಮೇಲೆ ಪೊರಕೆ ಕಡ್ಡಿಯ ಚಿಕ್ಕ ತುಂಡುಗಳ ರಾಶಿಯಿತ್ತು. ಒಬ್ಬೊಬ್ಬರನ್ನೇ ಕರೆದು, ಬಲಗೈಯ ಕಿರುಬೆರಳಿನ ಪಕ್ಕಕ್ಕೆ ಒಂದು ತುಂಡನ್ನು ಬಾಳೆನಾರಿನಿಂದ ಕಟ್ಟತೊಡಗಿದರು. ತಮ್ಮ ಕೈಗೂ ಕಟ್ಟಿಕೊಂಡರು. ನನ್ನ ಸರದಿ ಬಂದಾಗ ನಾನೂ ಅಭ್ಯಾಸ ಮರೆತು ಕೈ ಚಾಚಿದೆ.

‘ನಿನಗ್ಯಾಕವ್ವ ಕಡ್ಡಿ?’ ಎಂದರು. ‘ಹೋಗಿ ಕೂತ್ಕೊ.’

ಈ ಸಲ ಯಾರೂ ನಗಲಿಲ್ಲ. ಎಲ್ಲರಿಗೂ ಹನ್ನೊಂದು ಬೆರಳು. ಯಾವುದಾದರೂ ಒಂದು ಮಡಚಿ, ಎಡಕ್ಕೆಷ್ಟು ಬಲಕ್ಕೆಷ್ಟು ಹೇಳಿ ಎಂದರು ಮೇಷ್ಟ್ರು. ನಾಲ್ಕನೆಯದು ಮಡಚಿದವರಿಗೆ ಮೂರು, ಏಳು. ಒಂಬತ್ತನೆಯದು ಮಡಚಿದವರಿಗೆ ಎಂಟು, ಎರಡು. ಕಡ್ಡಿಗಳು ಜಾರಿ ಬೀಳುತ್ತಿದ್ದವು, ದೊಡ್ಡಪ್ಪನ ಮಗಳು ನಾರನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದುಕೊಳ್ಳುತ್ತಿದ್ದಳು. ನಾನು ಮೊದಲ ಸಲ ಎರಡೂ ಕೈಗಳನ್ನು ಬೆಳಕಿನಲ್ಲಿ ಚಾಚಿ, ಒಂದಾದ ಮೇಲೊಂದು ಬೆರಳು ಮಡಚಿ ನೋಡಿದೆ. ಒಂದು, ಒಂಬತ್ತು. ಐದು, ಐದು. ಆರು, ನಾಲ್ಕು. ಥಟ್ಟನೆ ಎದ್ದು ಕೂಗಿದೆ.

‘ಸಾ, ಯಾವ್ದು ಮಡಚುದ್ರೂ ಎಲ್ಡೂ ಕಡೆ ಸೇರುಸ್ದಾಗ ಅತ್ತೇ ಬತ್ತದೆ ಸಾ!’

ಮೇಷ್ಟ್ರ ಮುಖ ಅರಳಿತು. ಅದನ್ನು ಅವರು ಮೊದಲೇ ಕಂಡುಕೊಂಡಿದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ‘ಒಂದನೇ ತರಗತಿಯ ಮಕ್ಕಳಿಗೆ ಹತ್ತಕ್ಕೆ ಎಷ್ಟು ಕಮ್ಮಿ ಅನ್ನೋದೇ ಕಷ್ಟ. ನಾಳೆ ನೀನೇ ಹೇಳ್ಕೊಡ್ತೀಯಾ?’ ಎಂದರು. ಒಂಬತ್ತರ ಮಗ್ಗಿಗೆ ಮಾತ್ರ ಬಂದದ್ದರಲ್ಲಿ ಒಂದು ಕಳೆದುಬಿಡು ಎಂದರು. ಅಷ್ಟು ಸಣ್ಣ ಕೆಲಸಕ್ಕೆ ನಾನು ಆಸ್ಪತ್ರೆಗೆ ಹೊರಟಿದ್ದೆ.

ಹೊರಗೆ ಹೊಂಗೆ ಮರದ ಕೆಳಗೆ ಗಾಡಿ ನಿಂತಿತ್ತು. ‘ಬಾವ್ವ, ಒತ್ತಾಯ್ತು’ ಎಂದ ಅಪ್ಪ. ‘ಬಿಸ್ಲೇರುದ್ರೆ ಗೂಡು ಕೆಡ್ತವೆ.’

‘ನೀ ಓಗಪ್ಪ, ನಾ ಬರಾಕಿಲ್ಲ. ನಾಳೆ ಚಿಕ್ಕ ಐಕಳಿಗೆ ನಾನೇ ಲೆಕ್ಕ ಏಳ್ಕೊಡ್ಬೇಕು. ಬೆಳ್ಳು ಬೇಕು.’

ಅಪ್ಪ ಗಾಡಿಯಿಂದ ಇಳಿದ. ನನ್ನ ಬಲಗೈಯನ್ನು ತನ್ನ ಒರಟು ಕೈಯಲ್ಲಿ ತೆಗೆದುಕೊಂಡ. ಎಂಟು ವರ್ಷದಲ್ಲಿ ಅವನು ಆ ಬೆರಳನ್ನು ಮುಟ್ಟಿ ನೋಡಿದ್ದು ನನಗೆ ನೆನಪಿಲ್ಲ. ಅಂದು ಕಿರುಬೆರಳಿನಿಂದ ಶುರುಮಾಡದೆ, ಆ ಪುಟ್ಟದರಿಂದಲೇ ಶುರುಮಾಡಿ, ಒಂದು, ಎರಡು ಎಂದು ಆರರವರೆಗೂ ಎಣಿಸಿದ. ನನಗೆ ಅಳು ಬಂತು.

‘ಸರಿ, ಮಡಗ್ಕೊ ಅಂಗಾರೆ’ ಎಂದು ಗಾಡಿ ಹತ್ತಿದ.

ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೆರಳು ಈಗಲೂ ಇದೆ, ಈ ಸಾಲು ಬರೆಯುವಾಗ ಕಾಗದದ ಮೇಲೆ ಕಿರುಬೆರಳಿನ ಪಕ್ಕದಲ್ಲೇ ಒರಗಿದೆ.