ನೋಯದ ಕಾಲು

ಆ ಹೊಲಿಗೆ ಘಟಕದಲ್ಲಿ ಕತ್ತರಿ ಅವಳ ಕೈಯಲ್ಲಿತ್ತು, ಹಾಗಾಗಿ ಮಾತೂ ಅವಳದೇ ನಡೆಯುತ್ತಿತ್ತು. ಎಲ್ಲರ ಬಾಯಲ್ಲೂ ಅವಳು ಕಟಿಂಗ್ ಅಕ್ಕ. ಅವಳಿಗೆ ಐವತ್ತೆರಡು ವರ್ಷ, ಅವಳ ಸಕ್ಕರೆ ಕಾಯಿಲೆಗೆ ಹನ್ನೊಂದು.

ಬೇರೆ ದಿನಗಳಲ್ಲಾದರೆ ಅವಳಷ್ಟು ಅಚ್ಚುಕಟ್ಟಾಗಿ ಕಾಯಿಲೆಯನ್ನು ಸಾಕಿಕೊಂಡವರು ಇನ್ನೊಬ್ಬರಿಲ್ಲ. ಬೆಳಗ್ಗೆ ಗಂಡನ ಜೊತೆ ಮುಕ್ಕಾಲು ಗಂಟೆ ನಡಿಗೆ, ಒಂದು ಗಂಟೆಗೆ ಸರಿಯಾಗಿ ಊಟ, ಅದಕ್ಕೆ ಮುಂಚೆ ಮಾತ್ರೆ. "ನನ್ನ ಶುಗರ್ರು ನಾನು ಹೇಳ್ದಂಗೆ ಕೇಳುತ್ತೆ" ಎಂದು ಬೀಗುತ್ತಿದ್ದಳು. ಆದರೆ ಶಾಲೆ ತೆರೆಯುವ ಮುಂಚಿನ ಎರಡು ತಿಂಗಳು ಬಂತೆಂದರೆ ಶಿಸ್ತೆಲ್ಲ ಗಾಳಿಗೆ. ಆ ವರ್ಷವಂತೂ ಮೂರು ಶಾಲೆಗಳ ಸಮವಸ್ತ್ರದ ಜೊತೆಗೆ ನಾಲ್ಕನೆಯದೂ ಬಂದು ತಲೆಯ ಮೇಲೆ ಕೂತಿತು. ನಡಿಗೆ ನಿಂತಿತು. ಊಟ ನಾಲ್ಕು ಗಂಟೆಗೆ ಜಾರಿತು, ಅದೂ ನಿಂತುಕೊಂಡೇ ನಾಲ್ಕು ತುತ್ತು. ಬಸ್ ಡ್ರೈವರ್ ಆಗಿದ್ದ ಗಂಡ ಡ್ಯೂಟಿ ಮಧ್ಯೆ ಫೋನ್ ಮಾಡಿ "ಮಾತ್ರೆ ತಗೊಂಡ್ಯಾ?" ಎಂದರೆ, "ಹ್ಞೂಂ ರೀ, ಆಗ್ಲೇ ಆಯ್ತು" ಎಂದು ಕತ್ತರಿ ಕೆಳಗಿಡದೆ ಸುಳ್ಳು ಹೇಳುತ್ತಿದ್ದಳು.

ಬಿಳಿ ಬಟ್ಟೆ ಕೊಳೆಯಾಗಬಾರದೆಂದು ಅಲ್ಲಿ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಬೇಕಿತ್ತು. ಸಂಜೆಯಾದರೆ ಹೆಂಗಸರು ಒಬ್ಬೊಬ್ಬರಾಗಿ ಕಾಲು ನೋವೆಂದು ನರಳುತ್ತಿದ್ದರು. ಅಕ್ಕ ಮಾತ್ರ ನಗುತ್ತಿದ್ದಳು. "ನನ್ನ ಕಾಲು ನೋಡ್ರೇ. ಹತ್ತು ಗಂಟೆ ನಿಲ್ಸಿದ್ರೂ ಚಕಾರ ಎತ್ತಲ್ಲ." ಅದು ನಿಜವೇ. ಒಂದೆರಡು ವರ್ಷದಿಂದ ಅವಳಿಗೆ ಹತ್ತಿಯ ಮೇಲೆ ನಡೆದಂತೆ ಅನ್ನಿಸುತ್ತಿತ್ತು. ಒಳ್ಳೆಯದೇ ಆಯಿತು ಅಂದುಕೊಂಡಿದ್ದಳು.

ಒಂದು ಗುರುವಾರ ಗುಂಡಿ ಹೊಲಿಯುವಾಕೆಯ ಮೆಷಿನ್ನಿನ ಸೂಜಿ ಮುರಿಯಿತು. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ಪುಸ್ತಕಕ್ಕೆ ಅಂಟಿಸಿ ತೋರಿಸಬೇಕೆಂಬುದು ಅಲ್ಲಿನ ಕಟ್ಟುನಿಟ್ಟು. ಒಂದು ಚೂರು ಸಿಕ್ಕಿತು, ಮೊನೆಯ ಕಡೆಯದು ಸಿಗಲಿಲ್ಲ. ಅಕ್ಕ ಕೆಂಡವಾದಳು.

"ಯಾವುದಾದ್ರೂ ಮಗು ಕಾಲರಲ್ಲಿ ಕೂತಿದ್ರೆ ಏನೇ ಗತಿ? ಕಣ್ಣು ಎಲ್ಲಿಟ್ಕೊಂಡು ಕೆಲ್ಸ ಮಾಡ್ತೀಯ?"

ಗುಂಡಿಯಾಕೆ ಅಳುತ್ತಳುತ್ತ ಮುನ್ನೂರು ಅಂಗಿ ಕೊಡವಿದಳು. ಚೂರು ಸಿಗಲಿಲ್ಲ.

ಆರನೇ ದಿನ ಮಧ್ಯಾಹ್ನ ಅಕ್ಕ ಉದ್ದ ಮೇಜಿನ ಮೇಲೆ ಬಟ್ಟೆಯ ಪದರ ಹಾಸುತ್ತಿದ್ದಾಗ ತುಂಡೊಂದು ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ಕಂದು ಕೆಂಪಿನ ಕಲೆ. ಬಗ್ಗಿ ನೋಡಿದಳು. ಸಿಮೆಂಟಿನ ನೆಲದ ಮೇಲೂ ಅಲ್ಲಲ್ಲಿ ಅದೇ ಕಲೆ.

"ಮೆಷಿನ್ ನಿಲ್ಸಿ ಎಲ್ರೂ! ಯಾರ ಕಾಲಿಗೆ ಏನಾಗಿದೆ? ಬಟ್ಟೆ ಹಾಳಾಗ್ತಿದೆ ಅನ್ನೋ ಜ್ಞಾನ ಬೇಡ್ವಾ?"

ಹನ್ನೆರಡು ಹೆಂಗಸರೂ ಸ್ಟೂಲಿನ ಮೇಲೆ ಕೂತು ಶಾಲೆಯ ಮಕ್ಕಳಂತೆ ಪಾದ ಎತ್ತಿ ತೋರಿಸಿದರು. ಅಕ್ಕ ಸಾಲಿನುದ್ದಕ್ಕೂ ನಡೆಯುತ್ತ, ಒಂದೊಂದೇ ಪಾದ ನೋಡುತ್ತ, ಬೈಯುತ್ತ ಹೋದಳು. ಯಾರಿಗೂ ಗಾಯವಿರಲಿಲ್ಲ. ಕೊನೆಯಲ್ಲಿ ಕೂತಿದ್ದ ಗುಂಡಿಯಾಕೆ ನೆಲ ನೋಡುತ್ತಿದ್ದಳು. ಮೆಲ್ಲಗೆ ಅಂದಳು.

"ಅಕ್ಕಾ... ನೀವು ನಡ್ಕೊಂಡು ಬಂದ ಕಡೆಯೆಲ್ಲ ಹೊಸ ಕಲೆ ಬಿದ್ದಿದೆ."

ಅಕ್ಕ ನಕ್ಕಳು. "ನಂಗೆ ಏನೂ ಆಗಿಲ್ವಲ್ಲೇ." ಆಮೇಲೆ ಮೇಜು ಹಿಡಿದುಕೊಂಡು ಬಲಗಾಲು ಎತ್ತಿದಳು. ಹೆಬ್ಬೆರಳಿನ ಬುಡ ಊದಿ ನೇರಳೆಯಾಗಿತ್ತು. ನಡುವೆ ಕಪ್ಪು ತೂತು, ಅದರೊಳಗೆ ಏನೋ ಹೊಳೆಯುತ್ತಿತ್ತು. ಬೆರಳಿಟ್ಟು ಒತ್ತಿದಳು. ಬೆರಳಿಗೆ ಬಿಸಿ ತಾಗಿತು, ಕಾಲಿಗೆ ಏನೂ ತಾಗಲಿಲ್ಲ. ಯಾರದೋ ಕಾಲು ತನಗೆ ಅಂಟಿಕೊಂಡಿದೆ ಅನ್ನಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಚಿಮಟ ಹಿಡಿದು ಬಗ್ಗಿದರು. ಅಕ್ಕ ಕಣ್ಣು ಬಿಗಿಯಾಗಿ ಮುಚ್ಚಿ, ಗಂಡನ ಕೈ ಹಿಂಡುತ್ತ ಕಾದಳು. ತುಂಬ ಹೊತ್ತಾಯಿತು.

"ಯಾವಾಗ ತೆಗೀತೀರಿ ಡಾಕ್ಟ್ರೇ?"

"ತೆಗೆದಾಯ್ತಲ್ಲಮ್ಮ."

ಕಣ್ಣು ಬಿಟ್ಟಳು. ತಟ್ಟೆಯಲ್ಲಿ ಸೂಜಿಯ ಮೊನೆ ಬಿದ್ದಿತ್ತು. ಆರು ದಿನ ಅದನ್ನು ತುಳಿದುಕೊಂಡೇ ಅವಳು ಓಡಾಡಿದ್ದಳು, ಅದನ್ನು ಕಳೆದಿದ್ದಕ್ಕೆ ಇನ್ನೊಬ್ಬಳನ್ನು ಅಳಿಸಿದ್ದಳು.

"ಶುಗರ್ ನಾನೂರು ದಾಟಿದೆ" ಎಂದರು ಡಾಕ್ಟರು. "ಕಾಲಿನ ನರಗಳು ಸೋತಿವೆ, ಅದಕ್ಕೇ ನೋವು ಗೊತ್ತಾಗಿಲ್ಲ. ಇನ್ನೆರಡು ದಿನ ಬಿಟ್ಟಿದ್ರೆ ಬೆರಳು ತೆಗೀಬೇಕಾಗ್ತಿತ್ತು. ಈಗಲೂ ನಾನು ಮಾತು ಕೊಡಲ್ಲ. ಮಾತ್ರೆ ತಗೊಳ್ತಿದ್ರಾ?"

ಗಂಡ ಅವಳ ಚೀಲ ತೆರೆದ. ಒಂದೂ ಒಡೆಯದ ಎರಡು ಮಾತ್ರೆ ಪಟ್ಟಿಗಳು. ಅವನು ಬೈಯಲಿಲ್ಲ. ಪಟ್ಟಿಗಳನ್ನು ಕೈಯಲ್ಲಿ ಹಿಡಿದು, ಗೋಡೆ ಕಡೆ ತಿರುಗಿ ನಿಂತ. ಮೂವತ್ತು ವರ್ಷದ ಸಂಸಾರದಲ್ಲಿ ಅವನ ಹೆಗಲು ನಡುಗಿದ್ದನ್ನು ಅವಳು ಅಂದೇ ಮೊದಲ ಸಲ ನೋಡಿದ್ದು.

ಐದು ದಿನ ಆಸ್ಪತ್ರೆ, ದಿನಾ ಗಾಯ ತೊಳೆಯುವುದು, ಇನ್ಸುಲಿನ್. ಬೆರಳು ಉಳಿಯಿತು. ಆರು ವಾರ ಆ ಕಾಲನ್ನು ನೆಲಕ್ಕೆ ಊರಬಾರದು ಎಂದರು. ನೋಡಲು ಬಂದ ಗುಂಡಿಯಾಕೆಯ ಕೈ ಹಿಡಿದು ಅಕ್ಕ, "ನನ್ನ ಕಣ್ಣೇ ಎಲ್ಲೋ ಇತ್ತು ಕಣೇ, ತಪ್ಪಾಯ್ತು" ಎಂದಳು. ಅವಳು "ಬಿಡಿ ಅಕ್ಕ, ಚೂರು ಸಿಕ್ತಲ್ಲ, ಪುಸ್ತಕಕ್ಕೆ ಅಂಟಿಸ್ತೀನಿ" ಎಂದಳು. ಇಬ್ಬರಿಗೂ ನಗು, ಅಳು ಒಟ್ಟಿಗೇ ಬಂತು.

ಮನೆಗೆ ಬಂದ ಮೇಲೂ ಅಕ್ಕನಿಗೆ ಸಮಾಧಾನವಿಲ್ಲ. ಗಂಡ ದಿನಾ ಸಂಜೆ ಅವಳ ಎರಡೂ ಪಾದ ಮಡಿಲಲ್ಲಿಟ್ಟುಕೊಂಡು, ಬೆರಳಿನ ಸಂದಿಯನ್ನೂ ಬಿಡದೆ ನೋಡುತ್ತಿದ್ದ. ಅವಳಿಗೆ ಮಾತ್ರ ನಾಲ್ಕನೇ ಶಾಲೆಯದೇ ಚಿಂತೆ. ಕೊನೆಗೆ ಘಟಕದ ಯಜಮಾನರಿಗೆ ಫೋನ್ ಮಾಡಿದಳು.

"ಸಾರ್, ಆ ಬಟ್ಟೆ ಏನಾಯ್ತು?"

"ಎಂಟು ದಿನ ತಡ ಆಗುತ್ತೆ ಅಂದೆ. ಆಗ್ಲಿ, ಅಲ್ಲಿವರೆಗೆ ಮಕ್ಕಳು ಬಣ್ಣದ ಬಟ್ಟೇಲೇ ಬರ್ಲಿ ಅಂದ್ರು ಹೆಡ್ ಮೇಡಮ್ಮು."

"ಅಷ್ಟೇನಾ?"

"ಅಷ್ಟೇ ಅಕ್ಕ."

ಫೋನ್ ಕೆಳಗಿಟ್ಟಳು. ಗಂಡ ಕೇಳಿದ, "ಏನಂತೆ?" "ಎಂಟು ದಿನ ತಡ ಅಂತೆ ರೀ. ಅಷ್ಟೇ ಅಂತೆ" ಎಂದಳು. ಸೂಜಿಯ ಚೂರು ಕಂಡಾಗಲೂ ಅವಳು ಇಷ್ಟು ದಂಗಾಗಿರಲಿಲ್ಲ.